ರಾಜನ ಎಗರು

ಕುಣಿಗಲ್
4 ಆಗಸ್ಟ್ 2025

ಸಂಪಾದಕರು,
‘ಅರವತ್ನಾಲ್ಕು ಮನೆ’ ತ್ರೈಮಾಸಿಕ, ತುಮಕೂರು.

ಈ ಕಾಗದವನ್ನು ನನ್ನ ಅಕ್ಕನ ಮಗಳು ರೂಪಶ್ರೀಗೆ ಬರೆಯುತ್ತಿಲ್ಲ. ಅವಳಿಗೆ ಬರೆಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಚೆಸ್ ಪತ್ರಿಕೆಯ ಸಂಪಾದಕರಿಗೆ ಬರೆಯುತ್ತಿದ್ದೇನೆ. ಇಬ್ಬರೂ ಒಂದೇ ವಿಳಾಸದಲ್ಲಿದ್ದರೆ ಅದು ನನ್ನ ತಪ್ಪಲ್ಲ.

ಮೇ ತಿಂಗಳಲ್ಲಿ ನಾನೊಂದು ಸಮಸ್ಯೆ ಕಳಿಸಿದ್ದೆ. ಕಪ್ಪು ರಾಜ ತನ್ನ ಆನೆಯ ಪಕ್ಕ, ಮೂಲೆಗೆ ಒಂದು ಮನೆ ಈಚೆ ಕೂತಿದ್ದಾನೆ. ಬಿಳಿಯ ಒಂದು ಪದಾತಿ ಅವನ ಮೂಗಿನವರೆಗೆ ಬಂದು ನಿಂತಿದೆ. ಅಂಚಿನ ಸಾಲು ಪೂರಾ ಖಾಲಿ, ಅದರ ಈಚೆ ತುದಿಯಲ್ಲಿ ಬಿಳಿ ಆನೆ. ಬಿಳಿ ಮಂತ್ರಿ ದೂರದಲ್ಲಿದೆ, ಆದರೆ ದಾರಿ ತೆರೆದಿದೆ. ‘ಬಿಳಿ ಆಡಿ ಮೂರು ನಡೆಯಲ್ಲಿ ಮೇಟ್’ ಎಂದು ಕೆಳಗೆ ಬರೆದಿದ್ದೆ. ಮೊದಲ ನಡೆಯಲ್ಲಿ ಆನೆಯನ್ನು ಬಲಿ ಕೊಡಬೇಕು ಎಂದು ಉತ್ತರವನ್ನೂ ಬೇರೆ ಹಾಳೆಯಲ್ಲಿ ಇಟ್ಟಿದ್ದೆ.

ನೀವು ಅದನ್ನು ಜುಲೈ ಸಂಚಿಕೆಯ ಹದಿನಾಲ್ಕನೆಯ ಪುಟದಲ್ಲಿ ಅಚ್ಚು ಹಾಕಿದ್ದೀರಿ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಧನ್ಯವಾದ ಹೇಳಿ ಒಂದು ಕಾರ್ಡು ಹಾಕುತ್ತಿದ್ದೆ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗೆ ಸೇರಿಸಿದ್ದೀರಿ: ‘ರಚನೆಯಲ್ಲಿ ದೋಷವಿದೆ. ಎರಡೇ ನಡೆಯಲ್ಲಿ ಮೇಟ್ ಆಗುತ್ತದೆ. ಆನೆಯ ಬಲಿ ಅನಗತ್ಯ. ಹೊಸಬರು ಮಾಡುವ ತಪ್ಪು ಇದು. ಮಕ್ಕಳು ಗಮನಿಸಿ.’

ಹೊಸಬ. ನನಗೆ ಅರವತ್ತೇಳು ವರ್ಷ. ಬೆಳಿಗ್ಗೆ ಕೆರೆ ಏರಿಯ ಮೇಲೆ ನನ್ನ ಜೊತೆ ನಡೆಯುವ ಗುರುಸಿದ್ದಯ್ಯ ಮೇಷ್ಟ್ರು ಎರಡು ವಾರದಿಂದ ಒಂದೇ ಮಾತು ಹೇಳುತ್ತಿದ್ದಾರೆ. “ಏನ್ ಸದಾಶಿವಯ್ಯೋರೆ, ಮಕ್ಳು ಗಮನಿಸ್ಬೇಕಂತಲ್ಲ ನಿಮ್ಮುನ್ನ. ಗಮನಿಸ್ತಾ ಇದಾರಾ?” ನಾನು ನಡೆಯುವ ಹೊತ್ತನ್ನೇ ಬದಲಾಯಿಸಿದ್ದೇನೆ.

ನನ್ನ ಸಮಸ್ಯೆಯಲ್ಲಿ ದೋಷವಿಲ್ಲ. ಅಕ್ಟೋಬರ್ ಸಂಚಿಕೆಯಲ್ಲಿ ಹಾಗೆಂದು ಅಚ್ಚಾಗಬೇಕು, ಅಷ್ಟೇ ದಪ್ಪ ಅಕ್ಷರದಲ್ಲಿ. ಬೇರೇನೂ ಕೇಳುತ್ತಿಲ್ಲ.

ಸದಾಶಿವಯ್ಯ
ನಿವೃತ್ತ ಪೋಸ್ಟ್‌ಮ್ಯಾನ್


ತುಮಕೂರು
13 ಆಗಸ್ಟ್ 2025

ಶ್ರೀ ಸದಾಶಿವಯ್ಯನವರಿಗೆ,

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಸ್ವಿಚ್ ಆಫ್. ಆದ್ದರಿಂದ ಬರೆಯುತ್ತಿದ್ದೇನೆ.

ಪತ್ರಿಕೆಗೆ ಬರುವ ಪ್ರತಿ ಸಮಸ್ಯೆಯನ್ನೂ ಕಂಪ್ಯೂಟರಿನಲ್ಲಿ ಪರೀಕ್ಷಿಸುತ್ತೇವೆ. ನಿಮ್ಮದನ್ನೂ ಹಾಕಿದೆವು. ನಿಮ್ಮ ಉತ್ತರ ಹೀಗಿದೆ: ಮೊದಲು ಆನೆ ರಾಜನ ಪಕ್ಕದ ಮೂಲೆಗೆ, ಚೆಕ್. ರಾಜ ಅದನ್ನು ಹೊಡೆಯಲೇಬೇಕು. ಆಮೇಲೆ ಮಂತ್ರಿ ಅಂಚಿನ ಸಾಲಿಗೆ, ಚೆಕ್. ರಾಜ ಮೊದಲಿನ ಮನೆಗೆ ವಾಪಸ್. ಮೂರನೆಯದಾಗಿ ಮಂತ್ರಿ ಪದಾತಿಯ ಬಲದಲ್ಲಿ ರಾಜನ ಮಗ್ಗುಲಿಗೆ. ಮೇಟ್. ನೋಡಲು ಚೆನ್ನಾಗಿದೆ. ಆದರೆ ಮೊದಲ ನಡೆಯಲ್ಲೇ ಮಂತ್ರಿಯನ್ನು ಅಂಚಿನ ಸಾಲಿಗೆ ತಂದು ಸುಮ್ಮನೆ ನಿಲ್ಲಿಸಿದರೆ ಸಾಕು. ಕಪ್ಪು ಏನೇ ಆಡಲಿ, ಮುಂದಿನ ನಡೆಗೆ ಮುಗಿಯುತ್ತದೆ. ರಾಜನಿಗೆ ಹೋಗಲು ಮನೆಯೇ ಇಲ್ಲ. ಆನೆಯನ್ನು ಸುಮ್ಮನೆ ಕಳೆದುಕೊಳ್ಳುವುದು ಏಕೆ?

‘ಹೊಸಬರು ಮಾಡುವ ತಪ್ಪು’ ಎಂಬ ಮಾತು ಖಾರವಾಯಿತೇನೋ. ಅದಕ್ಕೆ ವಿಷಾದಿಸುತ್ತೇನೆ. ದೋಷ ದೋಷವೇ. ಅದನ್ನು ತಿದ್ದಲು ಆಗದು.

ಅಮ್ಮನ ಮಂಡಿ ನೋವು ಹಾಗೇ ಇದೆ.

ರೂಪಶ್ರೀ
ಸಂಪಾದಕಿ


ಕುಣಿಗಲ್
19 ಆಗಸ್ಟ್ 2025

ರೂಪಶ್ರೀ,

ರಾಜನಿಗೆ ಹೋಗಲು ಮನೆಯೇ ಇಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ. ಕಂಪ್ಯೂಟರ್ ಹಾಗೆ ಹೇಳಿದರೆ ನನಗೆ ಬೇಸರವಿಲ್ಲ. ಅದು ಗುಬ್ಬಿಯ ಹೊನ್ನಯ್ಯನ ಸೈಕಲ್ ಶಾಪಿನ ಮುಂದೆ ಕೂತು ಆಟ ಕಲಿತಿಲ್ಲ. ನೀನು ಕಲಿತಿದ್ದೀಯ.

ಆ ಚಪ್ಪಡಿ ಕಲ್ಲಿನ ಮೇಲೆ ಉಳಿಯಲ್ಲಿ ಕೆತ್ತಿದ ಮನೆಗಳು ನೆನಪಿವೆಯೋ ಇಲ್ಲವೋ. ನಿನಗೆ ಆಗ ಏಳು ವರ್ಷ. ಕಾಗದ ಹಂಚಿ ಮುಗಿಸಿ ಬರುವಾಗ ನಿನ್ನನ್ನು ಸ್ಕೂಲಿನಿಂದ ಸೈಕಲ್ ಮೇಲೆ ಕೂರಿಸಿಕೊಂಡು ಬರುತ್ತಿದ್ದೆ. ನಿನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ ಅಂತ ಪಂಕ್ಚರ್ ನೋಡುವ ನೀರಿನ ತೊಟ್ಟಿಯ ಅಂಚಿನ ಮೇಲೆ ಕಾಲಿಟ್ಟು ಕೂರುತ್ತಿದ್ದೆ. ಎರಡನೆಯ ದಿನವೋ ಮೂರನೆಯ ದಿನವೋ ನೀನು ಹೊನ್ನಯ್ಯನನ್ನು ಕೇಳಿದೆ, ರಾಜ ಯಾಕೆ ಒಂದು ಸಲ ಮಾತ್ರ ಕುದುರೆ ಥರ ಎಗರಬಹುದು, ಎರಡು ಸಲ ಯಾಕಿಲ್ಲ ಅಂತ.

“ರಾಜ ಅಂದ್‌ಮ್ಯಾಕೆ ಒಂದ್ ಸಲನಾದ್ರೂ ಕುದುರೆ ಹತ್‌ಬ್ಯಾಡ್ವೇನವ್ವಾ? ಎಲ್ಡ್ ಸಲ ಎಗರುದ್ರೆ ಜನ ಕಳ್ಳ ಅಂತಾರೆ” ಅಂದ. ನೀನು ಬಿಡಲಿಲ್ಲ. ಚೆಕ್ ಬಿದ್ದ ಮೇಲೆ ಯಾಕೆ ಎಗರಬಾರದು ಅಂದೆ. ಹೊನ್ನಯ್ಯ ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಯೋಚಿಸಿದ. “ಒಂದ್ ಸಲ ಹೆದರ್‌ಕಂಡೋನು ಎಗರಕ್ಕಾಗಲ್ಲ ಕಣವ್ವ. ಕಾಲು ಏಳಕಿಲ್ಲ.”

ಇದು ನಮ್ಮ ಆಟದ ನಿಯಮ. ಒಂದು ಸಲವೂ ಚೆಕ್ ತಿನ್ನದ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಎಗರಬಹುದು. ಚೆಕ್ ಬಿತ್ತೋ, ಆ ಹಕ್ಕು ಹೋಯಿತು. ಈಗ ಹಲಗೆ ನೋಡು. ನೀನು ಮಂತ್ರಿಯನ್ನು ಅಂಚಿನ ಸಾಲಿಗೆ ತಂದು ಜಾಣೆಯ ಹಾಗೆ ಸುಮ್ಮನೆ ನಿಲ್ಲಿಸುತ್ತೀಯ. ಚೆಕ್ ಹೇಳಿಲ್ಲ. ನನ್ನ ರಾಜ ಎಗರಿ ಬಯಲಿಗೆ ಬರುತ್ತಾನೆ. ಎಲ್ಲಿದೆ ನಿನ್ನ ಎರಡು ನಡೆಯ ಮೇಟ್?

ಆನೆಯನ್ನು ಕೊಡುವುದು ಅದಕ್ಕೆ. ಆನೆ ಹೋಗಿ ಚೆಕ್ ಹೇಳಿದ ಕ್ಷಣ ರಾಜನ ಎಗರು ಸತ್ತುಹೋಗುತ್ತದೆ. ಆಮೇಲೆ ಅವನು ಬರೀ ರಾಜ. ಇಷ್ಟನ್ನು ನಿನಗೆ ವಿವರಿಸಿ ಬರೆಯಬೇಕಾಗಿ ಬಂತಲ್ಲ, ಅದಕ್ಕೆ ನನಗೆ ಸಿಟ್ಟು. ಅಚ್ಚು ಹಾಕಿದ್ದಕ್ಕಲ್ಲ.

ಸದಾಶಿವಯ್ಯ


ತುಮಕೂರು
2 ಸೆಪ್ಟೆಂಬರ್ 2025

ಮಾವ,

ನಿಯಮ ಬೇರೆಯಾಗಿದ್ದರೆ ಅದನ್ನು ಸಮಸ್ಯೆಯ ಜೊತೆ ಬರೆದು ಕಳಿಸಬೇಕಿತ್ತು. ನೀವು ಬರೆಯಲಿಲ್ಲ. ಏಕೆ ಬರೆಯಲಿಲ್ಲ ಎಂದು ಈಗ ಅರ್ಥವಾಗುತ್ತಿದೆ. ನನಗೆ ನೆನಪಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿದ್ದೀರಿ. ಭಾನುವಾರ ನಮ್ಮ ಚೆಸ್ ಕ್ಲಬ್ಬಿಗೆ ಬರುವ ನಲವತ್ತು ಮಕ್ಕಳು ಓದುವ ಪತ್ರಿಕೆಯನ್ನು ಅದಕ್ಕೆ ಬಳಸಿಕೊಂಡಿರಿ.

ನೆನಪಿದೆ. ಎಲ್ಲವೂ ನೆನಪಿದೆ. ಆ ಹಳೆಯ ಮಾತನ್ನು ನೀವು ಎತ್ತದಿದ್ದರೆ ನಾನೇ ಎತ್ತುತ್ತೇನೆ. 1999, ಡಿಸೆಂಬರ್, ಇದೇ ಊರು, ಕಲ್ಯಾಣ ಮಂಟಪದಲ್ಲಿ ಓಪನ್ ಟೂರ್ನಮೆಂಟ್. ನಾಲ್ಕನೆಯ, ಕೊನೆಯ ಸುತ್ತಿನಲ್ಲಿ ನಿಮ್ಮನ್ನೂ ನನ್ನನ್ನೂ ಎದುರು ಬದುರು ಹಾಕಿದರು. ನೀವು ರಾಜನನ್ನು ಎತ್ತಿ ಕುದುರೆಯ ಹಾಗೆ ಇಟ್ಟಿರಿ. ನಾನು ಗಡಿಯಾರ ನಿಲ್ಲಿಸಿ ಕೈ ಎತ್ತಿದೆ. ತೀರ್ಪುಗಾರರು ಬಂದರು. ಅದು ಟೂರ್ನಮೆಂಟ್, ಸೈಕಲ್ ಶಾಪ್ ಅಲ್ಲ. ಅಲ್ಲಿ ರಾಜ ಎಗರುವುದಿಲ್ಲ. ತಪ್ಪು ನಡೆ ಕಂಡರೆ ಕೈ ಎತ್ತಬೇಕು ಎಂದು ನಿಯಮದ ಪುಸ್ತಕದಲ್ಲಿದೆ. ಎತ್ತಿದೆ. ಜನ ನಕ್ಕರೆ ಅದು ನಾನು ನಗಿಸಿದ್ದಲ್ಲ.

ಇಪ್ಪತ್ತಾರು ವರ್ಷದಿಂದ ನೀವು ಗಾಯಗೊಂಡವರ ಹಾಗೆ ಇದ್ದೀರಿ. ಮದುವೆ ಮುಂಜಿಯಲ್ಲಿ ಎದುರು ಸಿಕ್ಕರೆ ‘ಊಟ ಆಯ್ತಾ’ ಎನ್ನುತ್ತೀರಿ, ಮುಂದೆ ಹೋಗುತ್ತೀರಿ. ಒಂದು ಪ್ರಶ್ನೆ ಕೇಳುತ್ತೇನೆ. ಅವತ್ತು ಆಟ ಬಿಟ್ಟುಕೊಟ್ಟು, ಕೈ ಕುಲುಕದೆ ಎದ್ದು ಹೋದವರು ಯಾರು? ಹದಿಮೂರು ವರ್ಷದ ಹುಡುಗಿಯನ್ನು ಗುಬ್ಬಿಯಿಂದ ಕರೆತಂದವರು ನೀವು. ವಾಪಸ್ ಕರೆದುಕೊಂಡು ಹೋಗಬೇಕಾದವರೂ ನೀವೇ. ಸಂಜೆ ಕಪ್ ಕೊಟ್ಟಾಗ ಸುತ್ತ ನೋಡಿದೆ. ನೀವಿಲ್ಲ. ಯಾರನ್ನೋ ಕೇಳಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಒಬ್ಬ ಮುದುಕ “ಬೆಳ್ಳೀದೇನವ್ವಾ?” ಎಂದು ಕೇಳುತ್ತಲೇ ಇದ್ದ.

ಇದನ್ನು ಅಮ್ಮನಿಗೂ ಹೇಳಿರಲಿಲ್ಲ.

ಅಕ್ಟೋಬರ್ ಸಂಚಿಕೆಯಲ್ಲಿ ತಿದ್ದುಪಡಿ ಬರುವುದಿಲ್ಲ. ಪತ್ರಿಕೆ ನಡೆಸುವ ಕ್ಲಬ್ಬಿನವರು ಪುಸ್ತಕದಲ್ಲಿರುವ ನಿಯಮದ ಆಟವನ್ನು ಮಾತ್ರ ಒಪ್ಪುತ್ತಾರೆ.

ರೂಪಶ್ರೀ


ಕುಣಿಗಲ್
10 ಸೆಪ್ಟೆಂಬರ್ 2025

ರೂಪಾ,

ಒಬ್ಬಳೇ ಹೋಗಲಿಲ್ಲ.

ನೀನು ಮುಂದಿನ ಬಾಗಿಲಲ್ಲಿ ಹತ್ತಿದೆ. ಪ್ರೈವೇಟ್ ಬಸ್ಸು, ಎರಡು ಬಾಗಿಲು. ನಾನು ಹಿಂದಿನ ಬಾಗಿಲಲ್ಲಿ ಹತ್ತಿದೆ. ಮಲ್ಲಸಂದ್ರದವರೆಗೆ ಕಂಬಿ ಹಿಡಿದು ನಿಂತಿದ್ದೆ, ಆಮೇಲೆ ಸೀಟು ಸಿಕ್ಕಿತು. ನಿನ್ನ ಪಕ್ಕದ ಮುದುಕನಿಗೆ ಬಿಳಿ ಟೋಪಿ ಇತ್ತು. ಗುಬ್ಬಿಯಲ್ಲಿ ನಿನ್ನ ಹಿಂದೆಯೇ ಇಳಿದೆ. ನೀನು ತಿರುಗಿ ನೋಡಲಿಲ್ಲ, ನಾನು ಕೂಗಲಿಲ್ಲ. ಕೂಗಿ ಏನು ಹೇಳಬೇಕಿತ್ತು? ಆ ಪುಸ್ತಕದ ನಿಯಮ ನನಗೂ ಗೊತ್ತಿತ್ತು. ನಮ್ಮ ಆಟದಲ್ಲಿಲ್ಲದ, ಪದಾತಿಯನ್ನು ಮೊದಲ ಸಲ ಎರಡು ಮನೆ ನಡೆಸುವುದನ್ನೂ ಕಲಿತುಕೊಂಡೇ ಬಂದಿದ್ದೆ. ಆದರೆ ಎದುರಿಗೆ ಕೂತವಳು ನೀನು. ಎರಡು ಗಂಟೆ ನಿನ್ನ ಮುಖ ನೋಡುತ್ತಾ ಆಡಿದ ಮೇಲೆ ನನ್ನ ಕೈಗೆ ಅದು ಕಲ್ಯಾಣ ಮಂಟಪ ಅನ್ನುವುದು ಮರೆತುಹೋಯಿತು.

ನಾನು ಸೋತಿದ್ದಕ್ಕೆ ಎದ್ದು ಹೋದೆ ಅಂದುಕೊಂಡಿದ್ದೀಯ. ನಿನ್ನ ಹತ್ತಿರ ಸೋಲುವುದಕ್ಕೇ ಆರು ವರ್ಷ ಕಲಿಸಿದ್ದು. ನೀನು ಮೆಲ್ಲಗೆ “ಮಾವ, ಇಲ್ಲಿ ಎಗರಂಗಿಲ್ಲ” ಅಂದಿದ್ದರೆ ರಾಜನನ್ನು ವಾಪಸ್ ಇಟ್ಟು, ಮೇಟ್ ತಿಂದು, ನಗುತ್ತಾ ಏಳುತ್ತಿದ್ದೆ. ನೀನು ನನ್ನ ಮುಖ ನೋಡಲಿಲ್ಲ. ಅಪರಿಚಿತನ ಮೇಲೆ ದೂರು ಕೊಡುವ ಹಾಗೆ ಕೈ ಎತ್ತಿದೆ.

ಆಮೇಲಿನದು ನಿನಗೆ ಗೊತ್ತಿಲ್ಲ. ಸುದ್ದಿ ನನಗಿಂತ ಮೊದಲು ಗುಬ್ಬಿ ಸೇರಿತ್ತು. ಚಪ್ಪಡಿ ಕಲ್ಲಿನ ಹತ್ತಿರ ಹೋದರೆ, “ಎಗರ್ ರಾಜ ಬಂದ, ಕಾಯಿ ಹಿಡ್ಕಳ್ರಲೇ.” ಕಾಗದ ಕೊಡಲು ಹೋದರೆ, “ಎಗರ್ ರಾಜಪ್ನೋರೆ, ನಮ್ಗೇನಾರ ಬಂದೈತಾ?” ಮನಿಯಾರ್ಡರ್ ಇಸಿದುಕೊಳ್ಳುವ ಮುದುಕಿಯರ ಬಾಯಲ್ಲೂ ಅದೇ ಹೆಸರು. ಎರಡು ವರ್ಷ ತಡೆದೆ. ಆಮೇಲೆ ಕೇಳಿಕೊಂಡು ಕುಣಿಗಲ್‌ಗೆ ವರ್ಗ ಮಾಡಿಸಿಕೊಂಡೆ. ಅವತ್ತಿನಿಂದ ಯಾರ ಎದುರಿಗೂ ಕೂತು ಆಡಿಲ್ಲ.

ನಿನ್ನನ್ನು ಪರೀಕ್ಷೆ ಮಾಡಲು ಆ ಸಮಸ್ಯೆ ಕಳಿಸಲಿಲ್ಲ. ಯಾಕೆ ಕಳಿಸಿದೆ ಅಂತ ಹೇಳುವುದಿಲ್ಲ. ಅವತ್ತಿನ ಆಟದ ನಡೆಗಳನ್ನು ಬರೆದ ಹಾಳೆ ನಿನ್ನ ಹತ್ತಿರ ಇರಬೇಕು. ಕಪ್ ಇಟ್ಟುಕೊಂಡವಳು ಹಾಳೆಯನ್ನೂ ಇಟ್ಟುಕೊಂಡಿರುತ್ತೀಯ. ಅದನ್ನು ತೆಗೆದು ಕೊನೆಯವರೆಗೂ ಆಡು. ಕಂಪ್ಯೂಟರಿನಲ್ಲಿ ಬೇಡ. ಹಲಗೆಯ ಮೇಲೆ, ಕೈಯಲ್ಲಿ.

ಸದಾಶಿವಯ್ಯ


ಕುಣಿಗಲ್
6 ಅಕ್ಟೋಬರ್ 2025
(ಕಾರ್ಡು)

ಹಾಳೆ ಸಿಕ್ಕಿತೋ ಇಲ್ಲವೋ? ಸಿಗದಿದ್ದರೆ ಸಿಗಲಿಲ್ಲ ಅಂತಲಾದರೂ ಬರಿ. ಮೂವತ್ತೊಂದು ವರ್ಷ ಕಾಗದ ಹಂಚಿದವನು ನಾನು. ಉತ್ತರ ಬರೆಯದವರ ಮನೆಯ ಬಾಗಿಲು ಹೇಗಿರುತ್ತದೆ ಅಂತ ನನಗೆ ಗೊತ್ತು.

ಸ.


ತುಮಕೂರು
26 ಅಕ್ಟೋಬರ್ 2025

ಮಾವ,

ಹಾಳೆ ಸೆಪ್ಟೆಂಬರಿನಲ್ಲೇ ಸಿಕ್ಕಿತು. ನಾನು ಇಟ್ಟುಕೊಂಡಿರಲಿಲ್ಲ, ಅಮ್ಮ ಇಟ್ಟಿದ್ದಳು. ಕಪ್ಪಿನೊಳಗೆ ಮಡಿಸಿ ತುರುಕಿದ್ದಳು. ಬಸ್ಸಿನ ವಿಷಯ ಕೇಳಿದೆ. “ಒಂದೇ ಬಸ್ನಲ್ ಬಂದ್ರಿ, ಒಬ್ರ್ ಹಿಂದೆ ಒಬ್ರು ಬಾಗ್ಲಿಗ್ ಬಂದ್ರಿ. ಜೊತೇಲೇ ಬಂದವ್ರೆ ಅಂದ್ಕೊಂಡೆ ಕಣೇ ನಾನು. ನಿನ್ ಮಾವ ಜಗಲಿ ಮೇಲ್ ಕೂತೋನು ನೀರೂ ಕುಡೀಲಿಲ್ಲ, ಎದ್ ಹೋದ. ನಿಮ್ಮಿಬ್ರುದ್ದೂ ಒಂದೇ ಕೊಬ್ಬು, ಬುಡು” ಎಂದಳು. ಇಪ್ಪತ್ತಾರು ವರ್ಷ ಅವಳನ್ನು ಯಾರೂ ಕೇಳಿರಲಿಲ್ಲ.

ಹಲಗೆ ಹಾಕಿ ಆಡಿದೆ. ಮೂವತ್ತನಾಲ್ಕನೆಯ ನಡೆ, ನನ್ನ ಕೈಬರಹದಲ್ಲಿ, ಮಂತ್ರಿ ಅಂಚಿನ ಸಾಲಿಗೆ. ಅದರ ಪಕ್ಕದಲ್ಲಿ ನಿನ್ನ ನಡೆ ಬರೆದು ಹೊಡೆದು ಹಾಕಿದೆ, ತೀರ್ಪುಗಾರರ ಸಹಿ ಇದೆ. ಒಂದು ನಡೆ ಹಿಂದಕ್ಕೆ ಹೋಗಿ ಹಲಗೆಯನ್ನು ನೋಡಿದೆ. ಎಡಗಡೆಯ ನಾಲ್ಕು ಪದಾತಿ, ಎರಡು ಒಂಟೆ ತೆಗೆದೆ. ಉಳಿದದ್ದು ಜುಲೈ ಸಂಚಿಕೆಯ ಹದಿನಾಲ್ಕನೆಯ ಪುಟ.

ನನ್ನದೇ ಆಟವನ್ನು ನನಗೆ ಕಳಿಸಿದ್ದೀಯ. ನಾನು ಅದಕ್ಕೆ ದೋಷ ಎಂದು ಮುದ್ರೆ ಒತ್ತಿದ್ದೇನೆ. ಒಂದು ತಿಂಗಳು ಬರೆಯಲಿಲ್ಲ, ಏಕೆಂದರೆ ಬರೆದ ಪ್ರತಿ ಕಾಗದವೂ ಬೈಗುಳವಾಗುತ್ತಿತ್ತು. ಈಗಲೂ ಸಿಟ್ಟಿದೆ. ‘ಅವತ್ತು ನೀನು ಕೈ ಎತ್ತಬೇಕಾಗಿರಲಿಲ್ಲ, ಆನೆ ಕೊಟ್ಟಿದ್ದರೆ ನಮ್ಮ ನಿಯಮದಲ್ಲೇ ನನ್ನನ್ನು ಸೋಲಿಸುತ್ತಿದ್ದೆ.’ ನೀನು ಹೇಳಬೇಕಾಗಿದ್ದುದು ಈ ಒಂದು ವಾಕ್ಯ. ಬಸ್ಸಿನಲ್ಲಿ ಹಿಂದಿನಿಂದ ಬಂದು ಹೇಳಬಹುದಿತ್ತು. ನೀನು ಮನೆ ಮನೆಗೆ ಕಾಗದ ಹಂಚಿದೆ, ನನಗೊಂದು ಬರೆಯಲಿಲ್ಲ. ನನಗೆ ಮೂವತ್ತೊಂಬತ್ತು ಆದ ಮೇಲೆ ಸಂಪಾದಕರಿಗೆ ಒಗಟು ಕಳಿಸಿದೆ.

ಈಗ ನನ್ನ ಸರದಿ. ನಿಯಮಕ್ಕಾಗಿ ಕೈ ಎತ್ತಿದೆ ಎಂದು ಬರೆದಿದ್ದೆ. ಅದು ಸುಳ್ಳು. ನೀನು ಎಗರಿದಾಗ ನನಗೆ ಅದು ತಪ್ಪು ನಡೆ ಎಂದು ಅನ್ನಿಸಲೇ ಇಲ್ಲ. ಸೋತೆ ಅಂದುಕೊಂಡೆ. ಮಂತ್ರಿಯನ್ನು ಇಡುವ ಮೊದಲು ನಿನ್ನ ಎಗರನ್ನು ಮರೆತೆನಲ್ಲ ಎಂದು ಹೊನ್ನಯ್ಯನ ಮುಂದೆ ನಾಚಿಕೆಯಾಯಿತು, ಅವನು ಅಲ್ಲಿ ಇಲ್ಲದಿದ್ದರೂ. ಪಕ್ಕದ ಹಲಗೆಯ ಗಡಿಯಾರದ ಸದ್ದು ಕೇಳಿಸಿತು. ಆಗ ಎಲ್ಲಿ ಕೂತಿದ್ದೇನೆ ಎಂದು ನೆನಪಾಯಿತು. ಇಲ್ಲಿ ಒಂದು ಕೈ ಎತ್ತಿದರೆ ಆ ನಡೆ ಇಲ್ಲವಾಗುತ್ತದೆ ಎಂದು ಹೊಳೆಯಿತು. ನಿನ್ನ ಮುಖ ನೋಡಿದ್ದರೆ ಎತ್ತಲು ಆಗುತ್ತಿರಲಿಲ್ಲ. ಅದಕ್ಕೇ ನೋಡಲಿಲ್ಲ.

ಆ ಕಪ್ಪಿನಿಂದ ಮುಂದಿನ ಕಪ್, ಅದರಿಂದ ಸ್ಪೋರ್ಟ್ಸ್ ಕೋಟಾ, ಅದರಿಂದ ನನ್ನ ಸರ್ಕಾರಿ ಕೆಲಸ. ಇದನ್ನು ಬರೆದರೆ ನಿನ್ನ ಸಿಟ್ಟು ಹೆಚ್ಚಾಗುತ್ತದೆ, ಗೊತ್ತು. ಆದರೂ ಬರೆಯುತ್ತಿದ್ದೇನೆ.

ಅಕ್ಟೋಬರ್ ಸಂಚಿಕೆ ಈ ಕಾಗದದ ಜೊತೆ ಇದೆ. ಕ್ಲಬ್ಬಿನವರು ಬೇಡ ಎಂದರು. ‘ಸಂಪಾದಕಿ ನಾನೋ ನೀವೋ’ ಎಂದು ಅವರನ್ನು ಕೇಳಿದೆ. ಮುಂದಿನ ಸಂಚಿಕೆಗೆ ಸಂಪಾದಕರು ಯಾರು ಎಂದು ಡಿಸೆಂಬರಿನಲ್ಲಿ ತೀರ್ಮಾನಿಸುತ್ತಾರಂತೆ. ಹದಿನಾಲ್ಕನೆಯ ಪುಟ ತೆಗೆದು ನೋಡು. ದಪ್ಪ ಅಕ್ಷರದಲ್ಲೇ ಇದೆ:

‘ತಿದ್ದುಪಡಿ. ಜುಲೈ ಸಂಚಿಕೆಯ ಸಮಸ್ಯೆಯಲ್ಲಿ ದೋಷವಿಲ್ಲ. ಗುಬ್ಬಿಯಲ್ಲಿ ಆಡುತ್ತಿದ್ದ ಹಳೆಯ ಪದ್ಧತಿಯಲ್ಲಿ, ಒಮ್ಮೆಯೂ ಚೆಕ್ ತಿನ್ನದ ರಾಜ ಒಂದು ಸಲ ಕುದುರೆಯಂತೆ ಎಗರಬಹುದು. ಆದ್ದರಿಂದ ಮೊದಲು ಆನೆ ಕೊಟ್ಟು ಚೆಕ್ ಹೇಳದೆ ಮೇಟ್ ಇಲ್ಲ. ಈ ಸ್ಥಿತಿ 1999ರ ಡಿಸೆಂಬರಿನಲ್ಲಿ ತುಮಕೂರಿನಲ್ಲಿ ನಡೆದ ಆಟದ್ದು. ಕಪ್ಪು: ಸದಾಶಿವಯ್ಯ. ಬಿಳಿ: ರೂಪಶ್ರೀ. ಬಿಳಿಗೆ ಆನೆ ಕಾಣಲಿಲ್ಲ.’

ಮೂವತ್ತನಾಲ್ಕನೆಯ ನಡೆಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಪುಸ್ತಕದ ಪ್ರಕಾರ ಅದು ತಪ್ಪು. ಬೇಕಿದ್ದರೆ ಕೈ ಎತ್ತು.

ಆನೆ ಮೂಲೆಗೆ. ಚೆಕ್.

ರೂಪಾ


ಕುಣಿಗಲ್
3 ನವೆಂಬರ್ 2025
(ಕಾರ್ಡು)

ರೂಪಾ,

ಸಂಚಿಕೆ ಬಂತು. ಗುರುಸಿದ್ದಯ್ಯನ ಕೈಗೆ ಕೊಟ್ಟು ಏರಿಯ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಓದಿಸಿದೆ. ಎರಡು ಸಲ.

‘ಬಿಳಿಗೆ ಆನೆ ಕಾಣಲಿಲ್ಲ’ ಅಂತ ಹಾಕಿದ್ದೀಯ. ಕಪ್ಪಿಗೂ ಕಂಡಿರಲಿಲ್ಲ. ನನಗೆ ಅದು ಕಂಡಿದ್ದು ಹನ್ನೊಂದು ವರ್ಷ ಕಳೆದ ಮೇಲೆ, ಬಿದನಗೆರೆಯ ದಾರಿಯಲ್ಲಿ, ಸೈಕಲ್ ತುಳಿಯುತ್ತಿದ್ದಾಗ. ಇಳಿದು ನಿಂತುಬಿಟ್ಟೆ. ಅಲ್ಲಿಯವರೆಗೆ ನನಗೂ ಬೇರೆ ದಾರಿ ಗೊತ್ತಿರಲಿಲ್ಲ. ಹದಿಮೂರು ವರ್ಷದವಳಿಗೆ ಗೊತ್ತಿರಬೇಕಿತ್ತು ಅಂತ ಸಿಟ್ಟು ಮಾಡಿಕೊಂಡಿದ್ದೆ.

ಸಿಟ್ಟು ಹೋಗಿಲ್ಲ. ಹೋಗುತ್ತದೆ ಅಂತಲೂ ಬರೆಯಲಾರೆ.

ಆನೆ ಹೊಡೆದೆ. ಎರಡನೆಯ ನಡೆಯನ್ನು ಕಾರ್ಡಿನಲ್ಲಿ ಹಾಕು. ಮೂರನೆಯದನ್ನು ಹಾಕಬೇಡ. ಅದನ್ನು ಎದುರಿಗೆ ಕೂತು ಆಡಬೇಕು. ಅವತ್ತು ಎದ್ದು ಹೋದವನು ನಾನು, ಗೊತ್ತಿದೆ. ಆದರೂ ಬರಬೇಕಾದವಳು ನೀನೇ. ಹಲಗೆ ಹಾಸಿಟ್ಟಿರುತ್ತೇನೆ. ಇಲ್ಲಿ ಕೈ ಎತ್ತಿದರೆ ಬರುವವರು ಯಾರೂ ಇಲ್ಲ.

ಮಾವ